ಗೋಧಿ ಬಿಡುವ ಮೊದಲು ರಕ್ತ ಕೊಡಿ

ಸಂಪಾದಕರೇ,

ನಮಸ್ಕಾರ. ಮೊನ್ನೆ ನಿಮ್ಮ ಆರೋಗ್ಯ ಪುಟದಲ್ಲಿ ಹೊಟ್ಟೆ ಉಬ್ಬರದ ಬಗ್ಗೆ ಒಂದು ಬರಹ ಬಂದಿತ್ತು. ಪೂರ್ತಿ ಓದಿದೆ, ಚೆನ್ನಾಗಿಯೇ ಇತ್ತು. ಆದರೆ ಕೊನೆಯ ಪ್ಯಾರಾದಲ್ಲಿ ಒಂದು ಸಲಹೆ ಇತ್ತು. ಊಟದ ನಂತರ ಹೊಟ್ಟೆ ಭಾರವಾದರೆ, ಸುಸ್ತು ಜಾಸ್ತಿ ಇದ್ದರೆ, ಒಂದು ತಿಂಗಳು ಗ್ಲುಟೆನ್ ಬಿಟ್ಟು ನೋಡಿ, ಹಗುರ ಅನ್ನಿಸಿದರೆ ಅದು ನಿಮ್ಮ ಮೈಗೆ ಒಗ್ಗುವುದಿಲ್ಲ ಎಂದು ತಿಳಿಯಿರಿ ಎಂದು. ಅದನ್ನು ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಇದೇ ಮಾತು ಕೇಳಿ ನಾನು ಮೂರು ವರ್ಷ ಕಳೆದುಕೊಂಡಿದ್ದೇನೆ. ಆ ಸಲಹೆಗೆ ಮುಂಚೆ ಒಂದೇ ಒಂದು ಸಾಲು ಇರಬೇಕಿತ್ತು: ಗ್ಲುಟೆನ್ ಬಿಡುವ ಮೊದಲು ಸೀಲಿಯಾಕ್ ಕಾಯಿಲೆಯ ರಕ್ತ ಪರೀಕ್ಷೆ ಮಾಡಿಸಿ.

ಮೊದಲು ಬಿಟ್ಟು ನೋಡೋಣ, ಸರಿ ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗೋಣ ಅನ್ನೋದು ಯಾರಿಗಾದರೂ ಬರುವ ಯೋಚನೆ. ಬೇರೆ ಎಷ್ಟೋ ವಿಷಯದಲ್ಲಿ ಅದು ಸರಿಯೂ ಹೌದು. ಇಲ್ಲಿ ಮಾತ್ರ ಅದು ದಾರಿ ತಪ್ಪಿಸುತ್ತದೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನಗೂ ಇದು ಅರ್ಥವಾಗಿದ್ದು ತುಂಬಾ ತಡವಾಗಿ.

ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿರುವ ಪ್ರೋಟೀನಿಗೆ ಗ್ಲುಟೆನ್ ಎನ್ನುತ್ತಾರೆ. ಹಿಟ್ಟು ನಾದಿದಾಗ ಎಳೆದರೂ ಹರಿಯದ ಹಾಗೆ ಹಿಡಿದಿಡುವುದು ಅದೇ. ಸೀಲಿಯಾಕ್ ಇರುವವರಲ್ಲಿ ಈ ಗ್ಲುಟೆನ್ ಒಳಗೆ ಹೋದಾಗ ದೇಹದ ರೋಗನಿರೋಧಕ ಶಕ್ತಿ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುತ್ತದೆ. ಕರುಳಿನ ಒಳಗೋಡೆಯಲ್ಲಿ ಬೆರಳಿನಂಥ ಪುಟ್ಟ ಪುಟ್ಟ ಎಳೆಗಳಿರುತ್ತವೆ, ವಿಲ್ಲೈ ಅಂತ. ತಿಂದದ್ದರ ಸತ್ವವನ್ನು ಹೀರಿಕೊಳ್ಳುವ ಕೆಲಸ ಅವುಗಳದ್ದು. ಅವು ಸವೆದು ಸವೆದು ಕೊನೆಗೆ ಚಪ್ಪಟೆಯಾಗಿಬಿಡುತ್ತವೆ. ಆಗ ಎಷ್ಟು ಒಳ್ಳೆಯದು ತಿಂದರೂ ಮೈಗೆ ಹತ್ತುವುದಿಲ್ಲ. ಇದು ಅಲರ್ಜಿಯಲ್ಲ, ಜೀರ್ಣಶಕ್ತಿ ಕಡಿಮೆ ಅನ್ನುವ ಮಾತೂ ಅಲ್ಲ. ಜೀವನಪೂರ್ತಿ ಇರುವ ಕಾಯಿಲೆ. ಜಗತ್ತಿನಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದೆ, ಅವರಲ್ಲಿ ಬಹಳಷ್ಟು ಜನರಿಗೆ ಅದು ಗೊತ್ತೇ ಇಲ್ಲ.

ಇದನ್ನು ಪತ್ತೆ ಮಾಡುವ ಮೊದಲ ರಕ್ತ ಪರೀಕ್ಷೆಯ ಹೆಸರು ಟಿಟಿಜಿ-ಐಜಿಎ. ಅದು ಗ್ಲುಟೆನ್ ಅನ್ನು ಹುಡುಕುವುದಿಲ್ಲ, ಕರುಳನ್ನೂ ನೋಡುವುದಿಲ್ಲ. ಗ್ಲುಟೆನ್ ವಿರುದ್ಧ ಕೆರಳಿದ ದೇಹ ತಯಾರಿಸುವ ಒಂದು ಬಗೆಯ ಪ್ರತಿಕಾಯ ರಕ್ತದಲ್ಲಿ ಎಷ್ಟಿದೆ ಅಂತ ಅಳೆಯುತ್ತದೆ, ಅಷ್ಟೇ. ಈಗ ನೀವೇ ಯೋಚಿಸಿ. ಗ್ಲುಟೆನ್ ಒಳಗೆ ಹೋಗುವುದೇ ನಿಂತರೆ ದೇಹ ಕೆರಳುವುದೂ ನಿಧಾನಕ್ಕೆ ನಿಲ್ಲುತ್ತದೆ, ಕೆಲವು ವಾರ, ಕೆಲವು ತಿಂಗಳಲ್ಲಿ ಪ್ರತಿಕಾಯ ಇಳಿದು ಮಾಮೂಲಿ ಮಟ್ಟಕ್ಕೆ ಬರುತ್ತದೆ. ಕರುಳೂ ಮಾಗಲು ಶುರುವಾಗಿರುತ್ತದೆ. ಆಗ ಹೋಗಿ ರಕ್ತ ಕೊಟ್ಟರೆ ರಿಪೋರ್ಟಿನಲ್ಲಿ ಏನು ಬರುತ್ತದೆ? ನೆಗೆಟಿವ್. ಒಲೆ ಆರಿಸಿ ಹೊಗೆ ಹುಡುಕಿದ ಹಾಗೆ. ಕಾಯಿಲೆ ಹಾಗೆಯೇ ಇರುತ್ತದೆ, ಕಾಣಿಸುವುದಿಲ್ಲ.

ನನಗೆ ಆದದ್ದು ಇದೇ.

ಏಳೆಂಟು ವರ್ಷ ನನಗೆ ಹಿಮೋಗ್ಲೋಬಿನ್ ಕಡಿಮೆ ಇತ್ತು. ಕಬ್ಬಿಣದ ಮಾತ್ರೆ ಬರೆದುಕೊಡುತ್ತಿದ್ದರು, ತಿನ್ನುತ್ತಿದ್ದೆ, ಸ್ವಲ್ಪ ಏರುತ್ತಿತ್ತು, ಮಾತ್ರೆ ನಿಲ್ಲಿಸಿದ ಮೂರು ತಿಂಗಳಿಗೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಹೆಂಗಸರಿಗೆ ಇದು ಸಾಮಾನ್ಯ ಅಂದರು, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿರಬೇಕು ಅಂದರು, ಊಟ ಸರಿಯಾಗಿ ಮಾಡಿ ಅಂದರು. ನಾನೂ ನಂಬಿದೆ. ಬಾಯಲ್ಲಿ ಹುಣ್ಣು ಬಂದು ಬಂದು ಹೋಗುತ್ತಿತ್ತು. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಹೊಟ್ಟೆಯ ತೊಂದರೆ ಅಂತ ಹೇಳಿಕೊಳ್ಳುವಷ್ಟು ದೊಡ್ಡದೇನೂ ಇರಲಿಲ್ಲ, ಸ್ವಲ್ಪ ಉಬ್ಬರ ಇತ್ತು, ಯಾರಿಗಿಲ್ಲ ಅಂದುಕೊಂಡೆ. ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳುವುದು ಹೆಚ್ಚಾಗಿ ಸಣ್ಣ ಕರುಳಿನ ಆರಂಭದ ಭಾಗದಲ್ಲಿ, ಸೀಲಿಯಾಕ್ ಮೊದಲು ಹಾಳು ಮಾಡುವುದೂ ಅದನ್ನೇ ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದವರೂ ಆ ಕಡೆ ಯೋಚಿಸಲಿಲ್ಲ.

ಆಮೇಲೆ ಜೊತೆಗೆ ಕೆಲಸ ಮಾಡುವ ಗೆಳತಿಯೊಬ್ಬಳು ಗ್ಲುಟೆನ್ ಬಿಟ್ಟು ನೋಡು ಅಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಅವಳ ಮೇಲೆ ನನಗೆ ಬೇಸರವಿಲ್ಲ. ಬಿಟ್ಟೆ. ಮೂರು ವಾರಕ್ಕೆ ಮೈ ಹಗುರವಾಯಿತು. ಬೆಳಗ್ಗೆ ಏಳುವಾಗ ಸುಸ್ತಿಲ್ಲ, ಬಾಯಿ ಹುಣ್ಣಿಲ್ಲ. ಎಷ್ಟೋ ವರ್ಷದ ನಂತರ ನಾನು ನಾನೇ ಅನ್ನಿಸಿತು. ಎಂಟು ತಿಂಗಳು ಕಟ್ಟುನಿಟ್ಟಾಗಿ ಹಾಗೇ ಇದ್ದೆ. ಅಷ್ಟರಲ್ಲಿ ಎಲ್ಲೋ ಸೀಲಿಯಾಕ್ ಅನ್ನುವ ಹೆಸರು ಓದಿ, ಇರಲಿ, ಒಂದು ಸಲ ಪರೀಕ್ಷೆ ಮಾಡಿಸಿಬಿಡೋಣ ಅಂತ ಹೋದೆ. ರಕ್ತ ತೆಗೆದುಕೊಂಡರು. ರಿಪೋರ್ಟ್ ಬಂತು. ‘ನಿಮಗೆ ಸೀಲಿಯಾಕ್ ಇಲ್ಲ’ ಅಂದರು. ಈಗ ಗೋಧಿ ತಿನ್ನುತ್ತಿದ್ದೀರಾ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಹೇಳಬೇಕು ಅಂತ ನನಗೂ ಹೊಳೆಯಲಿಲ್ಲ.

ಆ ‘ಇಲ್ಲ’ ಅನ್ನುವ ಒಂದು ಪದ ನನ್ನನ್ನು ಎಷ್ಟು ಸಡಿಲ ಮಾಡಿತು ಅಂತ ಹೇಳಲಾರೆ. ಕಾಯಿಲೆ ಇಲ್ಲ, ಬರೀ ಆಗಿಬರುವುದಿಲ್ಲ, ಹಾಗಾಗಿ ಸ್ವಲ್ಪ ತಿಂದರೆ ಏನೂ ಆಗುವುದಿಲ್ಲ ಅಂತ ನಿರ್ಧಾರ ಮಾಡಿಕೊಂಡೆ. ಮನೆಯಲ್ಲಿ ತಿನ್ನುತ್ತಿರಲಿಲ್ಲ, ಹೊರಗೆ ಹೋದಾಗ, ಯಾರಾದರೂ ಒತ್ತಾಯ ಮಾಡಿದಾಗ, ಆಸೆಯಾದಾಗ ತಿನ್ನುತ್ತಿದ್ದೆ. ಎರಡು ವರ್ಷಕ್ಕೂ ಮೇಲೆ ಹೀಗೆ ನಡೆಯಿತು. ಕೊನೆಗೆ ಒಂದು ದಿನ ಒದ್ದೆ ನೆಲದ ಮೇಲೆ ಜಾರಿದೆ. ಜೋರಾಗೇನೂ ಬೀಳಲಿಲ್ಲ, ಕೈ ಊರಿದೆ ಅಷ್ಟೇ. ಮಣಿಕಟ್ಟಿನ ಮೂಳೆ ಮುರಿಯಿತು. ಈ ವಯಸ್ಸಿಗೆ ಇಷ್ಟಕ್ಕೆಲ್ಲ ಮೂಳೆ ಮುರಿಯಬಾರದಲ್ವಾ ಅಂತ ಮೂಳೆ ಡಾಕ್ಟರಿಗೆ ಅನುಮಾನ ಬಂತು. ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸಿದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರ ಮೂಳೆಯ ಹಾಗಿತ್ತು. ಅವರೇ ಜೀರ್ಣಾಂಗದ ತಜ್ಞರ ಹತ್ತಿರ ಕಳಿಸಿದರು. ಆ ಡಾಕ್ಟರು ನನ್ನ ಹಳೆಯ ರಿಪೋರ್ಟ್ ಕೈಗೆತ್ತಿಕೊಂಡು ಕೇಳಿದ ಮೊದಲ ಪ್ರಶ್ನೆ ಇದು: ‘ಈ ರಕ್ತ ಕೊಟ್ಟಾಗ ನೀವು ಗೋಧಿ ತಿನ್ನುತ್ತಿದ್ದಿರಾ?’

ಆ ಪ್ರಶ್ನೆಗೆ ಉತ್ತರ ಕೊಡುವಾಗ ನನಗೆ ಅಳು ಬಂತು. ಒಂದೇ ಒಂದು ಪ್ರಶ್ನೆ. ಮೂರು ವರ್ಷದ ಹಿಂದೆ ಯಾರಾದರೂ ಕೇಳಿದ್ದರೆ!

ಅವರು ಮೊದಲು ವಂಶವಾಹಿಯ ಪರೀಕ್ಷೆ ಮಾಡಿಸಿದರು. ಗೋಧಿ ಬಿಟ್ಟಿದ್ದರೂ ಮಾಡಿಸಬಹುದಾದ ಪರೀಕ್ಷೆ ಇದು, ಯಾಕೆಂದರೆ ಏನು ತಿಂದರೂ ಬಿಟ್ಟರೂ ವಂಶವಾಹಿ ಬದಲಾಗುವುದಿಲ್ಲ. ಸೀಲಿಯಾಕ್ ಇರುವ ಹೆಚ್ಚುಕಡಿಮೆ ಎಲ್ಲರಲ್ಲೂ ಡಿಕ್ಯೂ2 ಅಥವಾ ಡಿಕ್ಯೂ8 ಅನ್ನುವ ಗುರುತು ಇರುತ್ತದೆ. ಎರಡೂ ಇಲ್ಲ ಅಂದರೆ ಸೀಲಿಯಾಕ್ ಅಲ್ಲ ಅಂತ ಬಹುಪಾಲು ಧೈರ್ಯವಾಗಿ ಹೇಳಬಹುದು, ಮುಂದಿನ ಕಷ್ಟವೆಲ್ಲ ತಪ್ಪುತ್ತದೆ. ಆದರೆ ಇದ್ದರೆ ಕಾಯಿಲೆ ಇದೆ ಎಂದಲ್ಲ, ಇದನ್ನು ಎಷ್ಟೋ ಜನ ತಪ್ಪು ತಿಳಿಯುತ್ತಾರೆ. ಸಾಮಾನ್ಯ ಜನರಲ್ಲಿ ನೂರಕ್ಕೆ 30ರಿಂದ 40 ಮಂದಿಯಲ್ಲಿ ಆ ಗುರುತು ಇರುತ್ತದೆ, ಅವರಲ್ಲಿ ಕಾಯಿಲೆ ಬರುವುದು ಕೆಲವರಿಗೆ ಮಾತ್ರ. ನನ್ನಲ್ಲಿ ಡಿಕ್ಯೂ2 ಇತ್ತು. ಅಂದರೆ ಬಾಗಿಲು ಮುಚ್ಚಲಿಲ್ಲ, ಒಳಗೆ ಹೋಗಿ ನೋಡಲೇಬೇಕು.

ಹೋಗುವ ದಾರಿ ಒಂದೇ. ಮತ್ತೆ ಗ್ಲುಟೆನ್ ತಿನ್ನಬೇಕು, ದಿನಾ ತಿನ್ನಬೇಕು. ಗ್ಲುಟೆನ್ ಚಾಲೆಂಜ್ ಅನ್ನುತ್ತಾರೆ ಅದಕ್ಕೆ. ಬ್ರಿಟನ್ನಿನ ನೈಸ್ ಸಂಸ್ಥೆ 2015ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಪರೀಕ್ಷೆಗೆ ಮುಂಚೆ ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಜಾಸ್ತಿ ಊಟದಲ್ಲಿ ಗ್ಲುಟೆನ್ ಇರಬೇಕು. ಅಮೆರಿಕದ ಜೀರ್ಣಾಂಗ ತಜ್ಞರ ಸಂಘ 2013ರಲ್ಲಿ ಹೇಳಿದ್ದು ದಿನಕ್ಕೆ 3 ಗ್ರಾಂ ಗ್ಲುಟೆನ್, ಅಂದರೆ ಒಂದೆರಡು ತುಂಡು ಬ್ರೆಡ್ಡಿನಲ್ಲಿ ಇರುವಷ್ಟು, 2 ವಾರ, ತಡೆದುಕೊಳ್ಳಲು ಆಗುವುದಾದರೆ 8 ವಾರದವರೆಗೆ. ಕಾಗದದ ಮೇಲೆ ಓದಿದರೆ ದೊಡ್ಡ ವಿಷಯ ಅನ್ನಿಸುವುದಿಲ್ಲ. ಎರಡು ತುಂಡು ಬ್ರೆಡ್ ಅಷ್ಟೇ ತಾನೆ?

ಮೊದಲ ತುಂಡು ತಿಂದ ರಾತ್ರಿ ಏನೂ ಆಗಲಿಲ್ಲ. ಮೂರನೇ ದಿನದಿಂದ ಶುರುವಾಯಿತು. ಹೊಟ್ಟೆ ಗಟ್ಟಿಯಾಗಿ ಊದಿಕೊಳ್ಳುತ್ತಿತ್ತು, ಬಟ್ಟೆಯ ಸೊಂಟ ಬಿಗಿಯುತ್ತಿತ್ತು. ಎರಡನೇ ವಾರ ಭೇದಿ. ತಲೆಯೊಳಗೆ ಮಂಜು ಕವಿದ ಹಾಗೆ, ಹೇಳಬೇಕಾದ ಮಾತು ನಾಲಿಗೆ ತುದಿಗೆ ಬಂದು ಮರೆತುಹೋಗುತ್ತಿತ್ತು. ಮಾಡುವ ಕೆಲಸದಲ್ಲಿ ತಪ್ಪಾಗುತ್ತಿತ್ತು. ಎಲ್ಲಕ್ಕಿಂತ ಕಷ್ಟವಾದದ್ದು ಮೈ ಬೇಡ ಅನ್ನುವುದನ್ನು ಗೊತ್ತಿದ್ದೂ ಗೊತ್ತಿದ್ದೂ ದಿನಾ ಬಾಯಿಗೆ ಹಾಕಿಕೊಳ್ಳುವುದು. ಗೋಧಿ ತಿನ್ನುತ್ತಲೇ ಇದ್ದ ಆ ಏಳೆಂಟು ವರ್ಷ ನನಗೆ ಇಷ್ಟು ನೋವಾಗಿರಲಿಲ್ಲ. ಬಿಟ್ಟು ಮತ್ತೆ ಶುರು ಮಾಡಿದವರಲ್ಲಿ ತುಂಬಾ ಜನ ಇದನ್ನೇ ಹೇಳುತ್ತಾರೆ. ಎಷ್ಟೋ ಮಂದಿ ಅರ್ಧಕ್ಕೇ ಕೈಬಿಡುತ್ತಾರೆ, ಅವರಿಗೆ ತಮಗೆ ಏನಿದೆ ಅಂತ ಕೊನೆಗೂ ತಿಳಿಯುವುದಿಲ್ಲ. ನಾನು 7 ವಾರ ತಿಂದೆ. ಮನೆಯವರು ಜೊತೆಗೆ ನಿಂತರು, ಇಲ್ಲದಿದ್ದರೆ ನನ್ನ ಕೈಲಿ ಆಗುತ್ತಿರಲಿಲ್ಲ.

ಅದಕ್ಕೇ ನಿಮ್ಮ ಪುಟದಲ್ಲಿ ‘ಒಂದು ತಿಂಗಳು ಬಿಟ್ಟು ನೋಡಿ’ ಅನ್ನುವುದನ್ನು ಓದಿದಾಗ ನನಗೆ ಅಷ್ಟು ಸಂಕಟವಾಯಿತು. ಬಿಡುವುದು ಸುಲಭ. ಪರೀಕ್ಷೆಗೋಸ್ಕರ ಮತ್ತೆ ಹಿಡಿಯುವುದು ಎಷ್ಟು ಕಷ್ಟ ಅಂತ ಆ ಸಾಲು ಬರೆದವರಿಗೆ ಬಹುಶಃ ಗೊತ್ತಿರಲಿಕ್ಕಿಲ್ಲ.

7 ವಾರದ ನಂತರ ರಕ್ತ ಕೊಟ್ಟೆ. ಈ ಸಲ ಡಾಕ್ಟರು ಚೀಟಿಯಲ್ಲಿ ಇನ್ನೊಂದು ಪರೀಕ್ಷೆಯನ್ನೂ ಸೇರಿಸಿ ಬರೆದಿದ್ದರು, ಒಟ್ಟು ಐಜಿಎ ಅಂತ. ಇದನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಟಿಟಿಜಿ ಪರೀಕ್ಷೆ ಅಳೆಯುವುದು ಐಜಿಎ ಜಾತಿಯ ಪ್ರತಿಕಾಯವನ್ನು. ಕೆಲವರ ದೇಹದಲ್ಲಿ ಹುಟ್ಟಿನಿಂದಲೇ ಐಜಿಎ ತಯಾರಾಗುವುದಿಲ್ಲ, ಮತ್ತು ಸೀಲಿಯಾಕ್ ಇರುವವರಲ್ಲಿ ಅಂಥವರು ಬೇರೆಯವರಿಗಿಂತ ಜಾಸ್ತಿ, ನೂರಕ್ಕೆ 2–3 ಜನ. ಅಂಥವರು ಎಷ್ಟು ಗೋಧಿ ತಿಂದು ರಕ್ತ ಕೊಟ್ಟರೂ ಟಿಟಿಜಿ-ಐಜಿಎ ಕಡಿಮೆಯೇ ಬರುತ್ತದೆ. ಒಟ್ಟು ಐಜಿಎ ನೋಡಿದರೆ ಮಾತ್ರ ಈ ಮೋಸ ಗೊತ್ತಾಗುವುದು. ಅದು ತೀರಾ ಕಡಿಮೆ ಇದ್ದರೆ ಐಜಿಜಿ ಅನ್ನುವ ಇನ್ನೊಂದು ಜಾತಿಯ ಪ್ರತಿಕಾಯವನ್ನು ನೋಡುವ ಬೇರೆ ಪರೀಕ್ಷೆಗಳಿವೆ, ಅವುಗಳನ್ನು ಮಾಡುತ್ತಾರೆ. ಹಾಗಾಗಿ ನಿಮ್ಮ ಹಳೆಯ ರಿಪೋರ್ಟ್ ನೆಗೆಟಿವ್ ಇದ್ದರೆ, ಅದರಲ್ಲಿ ಒಟ್ಟು ಐಜಿಎ ಇದೆಯಾ ಅಂತ ಒಂದು ಸಲ ತೆಗೆದು ನೋಡಿ. ಬೆರಳು ಚುಚ್ಚಿ ಮನೆಯಲ್ಲೇ ನೋಡಿಕೊಳ್ಳುವ ಕಿಟ್‌ಗಳು ಬಂದಿವೆ. ಅದರಲ್ಲಿ ಗೆರೆ ಮೂಡಲಿಲ್ಲ ಅಂತ ಕಾಯಿಲೆ ಇಲ್ಲ ಎಂದುಕೊಳ್ಳಬೇಡಿ, ಗೆರೆ ಮೂಡಿತು ಅಂತ ಅಷ್ಟಕ್ಕೇ ಗೋಧಿ ಬಿಟ್ಟುಬಿಡಲೂ ಬೇಡಿ, ಡಾಕ್ಟರ ಹತ್ತಿರ ಹೋಗಿ.

ನನ್ನ ಟಿಟಿಜಿ ಈ ಸಲ ಮಿತಿಯ ಐದು ಪಟ್ಟಿಗೂ ಮೇಲಿತ್ತು. ಮುಂದಿನದು ಎಂಡೋಸ್ಕೋಪಿ. ಹೆದರಿದ್ದೆ, ಆದರೆ ಚಾಲೆಂಜಿನ ಒಂದು ದಿನಕ್ಕೆ ಹೋಲಿಸಿದರೂ ಅದು ಏನೂ ಅಲ್ಲ. ಮಂಪರು ಬರುವ ಔಷಧಿ ಕೊಟ್ಟು, ಬಾಯಿಂದ ತೆಳು ಕೊಳವೆ ಇಳಿಸಿ, ಸಣ್ಣ ಕರುಳಿನ ಮೊದಲ ಭಾಗದಿಂದ ಅಕ್ಕಿ ಕಾಳಿಗಿಂತ ಚಿಕ್ಕ ಚೂರುಗಳನ್ನು ತೆಗೆಯುತ್ತಾರೆ. ಕರುಳು ಎಲ್ಲ ಕಡೆ ಒಂದೇ ಸಮ ಹಾಳಾಗಿರುವುದಿಲ್ಲ, ಒಂದು ಜಾಗ ಚೆನ್ನಾಗಿದ್ದು ಪಕ್ಕದ್ದು ಸವೆದಿರಬಹುದು. ಅದಕ್ಕೇ ಒಂದೆರಡು ಚೂರು ಸಾಲದು, ಕನಿಷ್ಠ 4 ಚೂರು, ಜೊತೆಗೆ ಕರುಳು ಶುರುವಾಗುವ ಉಬ್ಬಿನ ಜಾಗದಿಂದ ಇನ್ನೊಂದೆರಡು ತೆಗೆಯಬೇಕು. ಎಷ್ಟು ಚೂರು ತೆಗೆಯುತ್ತೀರಿ ಅಂತ ಮೊದಲೇ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಇನ್ನೊಂದು ಮಾತು. ರಕ್ತ ಪರೀಕ್ಷೆ ಪಾಸಿಟಿವ್ ಬಂತು ಅಂತ ಖುಷಿಯಲ್ಲೋ ಗಾಬರಿಯಲ್ಲೋ ಅವತ್ತೇ ಗೋಧಿ ನಿಲ್ಲಿಸಿಬಿಡುವವರಿದ್ದಾರೆ. ಎಂಡೋಸ್ಕೋಪಿ ಮುಗಿಯುವವರೆಗೂ ತಿನ್ನಬೇಕು, ಇಲ್ಲದಿದ್ದರೆ ಆ ಚೂರುಗಳೂ ಸುಳ್ಳು ಹೇಳುತ್ತವೆ.

ಮಕ್ಕಳಿಗೆ ಎಲ್ಲ ಸಲವೂ ಇದು ಬೇಕಾಗುವುದಿಲ್ಲ. ಯುರೋಪಿನ ಮಕ್ಕಳ ಜೀರ್ಣಾಂಗ ತಜ್ಞರ ಸಂಘ 2020ರಲ್ಲಿ ಹೇಳಿರುವಂತೆ, ಟಿಟಿಜಿ-ಐಜಿಎ ಮಿತಿಯ 10 ಪಟ್ಟು ಅಥವಾ ಅದಕ್ಕೂ ಮೇಲಿದ್ದು, ಬೇರೆ ದಿನ ತೆಗೆದ ರಕ್ತದಲ್ಲಿ ಇಎಂಎ ಅನ್ನುವ ಇನ್ನೊಂದು ಪ್ರತಿಕಾಯವೂ ಕಂಡರೆ, ಎಂಡೋಸ್ಕೋಪಿ ಇಲ್ಲದೆಯೇ ಖಚಿತ ಮಾಡಬಹುದು. ಪುಟ್ಟ ಮಗುವಿಗೆ ಕೊಳವೆ ಇಳಿಸಬೇಕಲ್ಲ ಅನ್ನುವ ಹೆದರಿಕೆಯಿಂದ ರಕ್ತ ಪರೀಕ್ಷೆಯನ್ನೇ ಮುಂದೂಡುವ ತಂದೆತಾಯಿಗೆ ಇದು ತಿಳಿದಿರಲಿ.

ಆ ಚೂರುಗಳ ಪರೀಕ್ಷೆಯ, ಅಂದರೆ ಬಯಾಪ್ಸಿಯ ರಿಪೋರ್ಟ್ ಬಂದು ಸೀಲಿಯಾಕ್ ಅಂತ ಖಚಿತವಾದ ದಿನ ನನಗೆ ದುಃಖವಾಗಲಿಲ್ಲ. ಹೆಸರು ಸಿಕ್ಕಿತಲ್ಲ ಅಂತ ಸಮಾಧಾನವಾಯಿತು.

ಚಾಲೆಂಜಿನ ಆ ವಾರಗಳಲ್ಲಿ ನಿದ್ದೆ ಬಾರದೆ ಈ ಕಾಯಿಲೆಯ ಇತಿಹಾಸ ಓದುತ್ತಿದ್ದೆ. ನೆದರ್ಲೆಂಡಿನ ಮಕ್ಕಳ ಡಾಕ್ಟರ್ ವಿಲ್ಲೆಮ್ ಡಿಕೆ ಅವರಿಗೆ ಗೋಧಿಯ ಮೇಲೆ ಮೊದಲಿನಿಂದಲೇ ಅನುಮಾನವಿತ್ತು. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ, 1944–45ರಲ್ಲಿ, ಆ ದೇಶದಲ್ಲಿ ಭೀಕರ ಹಸಿವು. ಬ್ರೆಡ್ ಸಿಗುತ್ತಿರಲಿಲ್ಲ. ಎಲ್ಲರೂ ಸೊರಗುತ್ತಿದ್ದಾಗ ಸೀಲಿಯಾಕ್ ಮಕ್ಕಳು ಮಾತ್ರ ಚೇತರಿಸಿಕೊಂಡರು. ಯುದ್ಧ ಮುಗಿದು ಬ್ರೆಡ್ ಮತ್ತೆ ಬಂದಾಗ ಆ ಮಕ್ಕಳು ಮತ್ತೆ ಮಲಗಿದರು. ಡಿಕೆ 1950ರಲ್ಲಿ ತಮ್ಮ ಪ್ರಬಂಧದಲ್ಲಿ ಗೋಧಿಯೇ ಕಾರಣ ಅಂತ ತೋರಿಸಿದರು. ಅದಕ್ಕೂ ಮುಂಚಿನ ಕಾಲದಲ್ಲಿ ಈ ಕಾಯಿಲೆ ಬಂದ ಎಷ್ಟೋ ಮಕ್ಕಳು ಉಳಿಯುತ್ತಲೇ ಇರಲಿಲ್ಲ. ಇವತ್ತು ಒಂದು ಚಿಕ್ಕ ಬಾಟಲಿ ರಕ್ತದಲ್ಲಿ ನಾವು ಅಳೆಯುವ ಟಿಟಿಜಿಯ ನಂಟು ಗೊತ್ತಾಗಿದ್ದು 1997ರಲ್ಲಿ. ಅಷ್ಟು ವರ್ಷ, ಅಷ್ಟು ಜನ ದುಡಿದು ಕೈಗೆ ಕೊಟ್ಟ ಪರೀಕ್ಷೆಯನ್ನು ನಾವು ತಪ್ಪು ಸಮಯದಲ್ಲಿ ಮಾಡಿಸಿ ಹಾಳು ಮಾಡಿಕೊಳ್ಳುತ್ತಿದ್ದೇವಲ್ಲ ಅನ್ನುವ ಸಂಕಟ ನನಗೆ.

ಇನ್ನು ಗ್ಲುಟೆನ್ ಆಗಿಬರುವುದಿಲ್ಲ ಅನ್ನುವ ವಿಷಯ. ಸೀಲಿಯಾಕ್ ಇಲ್ಲ, ಗೋಧಿ ಅಲರ್ಜಿಯೂ ಇಲ್ಲ, ಆದರೂ ತಿಂದರೆ ತೊಂದರೆ ಆಗುವವರಿದ್ದಾರೆ. ಅವರ ನೋವು ನಿಜ, ಮನಸ್ಸಿನ ಭ್ರಮೆ ಅಂತ ತಳ್ಳಿಹಾಕುವುದು ತಪ್ಪು. ಆದರೆ ಅದನ್ನು ಪತ್ತೆ ಮಾಡುವ ರಕ್ತ ಪರೀಕ್ಷೆ ಇವತ್ತಿನವರೆಗೂ ಇಲ್ಲ. ಕೂದಲು ಕಳಿಸಿ, ನೂರು ಆಹಾರಕ್ಕೆ ಐಜಿಜಿ ಪರೀಕ್ಷೆ ಮಾಡಿಸಿ, ಬಣ್ಣ ಬಣ್ಣದ ಪಟ್ಟಿ ಕಳಿಸುತ್ತೇವೆ ಅನ್ನುವವರ ಮಾತು ನಂಬಬೇಡಿ. ಒಂದು ಆಹಾರದ ವಿರುದ್ಧ ಐಜಿಜಿ ಇದೆ ಅಂದರೆ ಆ ಆಹಾರವನ್ನು ನೀವು ತಿಂದಿದ್ದೀರಿ ಅಂತ, ಅದಕ್ಕಿಂತ ಜಾಸ್ತಿ ಅರ್ಥ ಅದಕ್ಕಿಲ್ಲ. ಯುರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಆ ಪಟ್ಟಿ ನೋಡಿಕೊಂಡು ಹತ್ತಿಪ್ಪತ್ತು ಪದಾರ್ಥ ಬಿಟ್ಟು ಸೊರಗಿದವರನ್ನು ನಾನೇ ಕಂಡಿದ್ದೇನೆ, ಅದರಲ್ಲಿ ಮಕ್ಕಳೂ ಇದ್ದರು.

ಎಷ್ಟೋ ಸಲ ಗೋಧಿ ಬಿಟ್ಟಾಗ ಹಗುರ ಅನ್ನಿಸುವುದಕ್ಕೆ ಗ್ಲುಟೆನ್ ಕಾರಣವೇ ಆಗಿರುವುದಿಲ್ಲ. ಗೋಧಿಯಲ್ಲಿ ಫ್ರಕ್ಟಾನ್ ಅನ್ನುವ ಒಂದು ಬಗೆಯ ಪಿಷ್ಟದಂಥ ಪದಾರ್ಥವೂ ಇದೆ. ಅದು ಕರುಳಿನಲ್ಲಿ ಹುಳಿತು ಗ್ಯಾಸ್ ಮಾಡುತ್ತದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಅದೇ ಇದೆ. ನಾರ್ವೆಯ ಸಂಶೋಧಕರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮಗೆ ಗ್ಲುಟೆನ್ ಆಗಿಬರುವುದಿಲ್ಲ ಎಂದು ನಂಬಿದ್ದ ಜನರಿಗೆ, ಯಾವುದರಲ್ಲಿ ಏನಿದೆ ಅಂತ ಹೇಳದೆ, ಒಂದೇ ರುಚಿಯ ತಿನಿಸಿನಲ್ಲಿ ಒಂದು ವಾರ ಗ್ಲುಟೆನ್, ಒಂದು ವಾರ ಫ್ರಕ್ಟಾನ್, ಒಂದು ವಾರ ಎರಡೂ ಇಲ್ಲದ್ದು ಹೀಗೆ ಕೊಟ್ಟರು. ಜಾಸ್ತಿ ತೊಂದರೆ ಕಂಡದ್ದು ಫ್ರಕ್ಟಾನ್ ಕೊಟ್ಟಾಗ. ಹಾಗಾಗಿ ಬಿಟ್ಟೆ, ಹಗುರವಾಯಿತು, ಅದರಿಂದ ನನಗೆ ಇಂಥದ್ದೇ ಇದೆ ಅನ್ನುವ ಲೆಕ್ಕ ನಿಲ್ಲುವುದಿಲ್ಲ. ಹಗುರವಾದದ್ದು ಸೀಲಿಯಾಕ್ ಇದ್ದುದರಿಂದಲೂ ಇರಬಹುದು, ಫ್ರಕ್ಟಾನ್‌ನಿಂದಲೂ ಇರಬಹುದು, ಹೊರಗಿನ ಕರಿದ ತಿಂಡಿ, ಸಿಹಿ ತಾನಾಗಿ ಕಡಿಮೆಯಾದದ್ದರಿಂದಲೂ ಇರಬಹುದು.

‘ಯಾವುದಾದರೇನು, ಬಿಟ್ಟರೆ ಆರಾಮಲ್ವಾ, ಹೆಸರು ಯಾಕೆ ಬೇಕು?’ ಅಂತ ನನ್ನನ್ನು ಎಷ್ಟೋ ಜನ ಕೇಳಿದ್ದಾರೆ. ನನ್ನ ಮುರಿದ ಮಣಿಕಟ್ಟೇ ಅದಕ್ಕೆ ಉತ್ತರ. ಬರೀ ಆಗಿಬರುವುದಿಲ್ಲ ಅನ್ನುವವರು ಆಗೊಮ್ಮೆ ಈಗೊಮ್ಮೆ ತಿಂದರೆ ಒಂದು ದಿನ ಹೊಟ್ಟೆ ಕೆಟ್ಟೀತು. ಸೀಲಿಯಾಕ್ ಇದ್ದವರು ಹಾಗೆ ತಿಂದರೆ ಒಳಗೆ ಕರುಳು ಸವೆಯುತ್ತಲೇ ಇರುತ್ತದೆ, ಹೊರಗೆ ಏನೂ ಗೊತ್ತಾಗದೇ ಇರಬಹುದು. ಅವರಿಗೆ ಪುಡಿಯಷ್ಟೂ ಬೇಡ. ಗ್ಲುಟೆನ್ ರಹಿತ ಅಂತ ಪೊಟ್ಟಣದ ಮೇಲೆ ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಮೀರಬಾರದು ಅಂತ ಅಂತರರಾಷ್ಟ್ರೀಯ ನಿಯಮವೇ ಇದೆ. ಆ ಕಟ್ಟುನಿಟ್ಟು ಜೀವನಪೂರ್ತಿ ಪಾಲಿಸಲು ಮನಸ್ಸಿಗೆ ಗಟ್ಟಿ ಕಾರಣ ಬೇಕು. ಸುಮ್ನೆ ಅನುಮಾನದ ಮೇಲೆ ಯಾರೂ ಅಷ್ಟು ದಿನ ಪಾಲಿಸುವುದಿಲ್ಲ, ನಾನು ಪಾಲಿಸಲಿಲ್ಲ. ಹೆಸರು ಸಿಕ್ಕಿದ ಮೇಲೆ ಮೂಳೆ, ಕಬ್ಬಿಣ, ಬಿ12, ಡಿ ವಿಟಮಿನ್, ಥೈರಾಯ್ಡ್ ಎಲ್ಲ ನೋಡುತ್ತಾರೆ, ಟಿಟಿಜಿ ಇಳಿಯುತ್ತಿದೆಯಾ ಅಂತ ಆಗಾಗ ಪರೀಕ್ಷಿಸುತ್ತಾರೆ. ತಾನೇ ಬಿಟ್ಟವರನ್ನು ಯಾರು ನೋಡುತ್ತಾರೆ?

ಇನ್ನೂ ಒಂದು ಕಾರಣ ಇದೆ, ನನಗೆ ಅದೇ ದೊಡ್ಡದು. ಸೀಲಿಯಾಕ್ ಇರುವವರ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಅದು ಇರುತ್ತದೆ. ನನ್ನ ರಿಪೋರ್ಟ್ ಬಂದ ಮೇಲೆ ಅಮ್ಮ, ಅಣ್ಣ, ತಂಗಿ ಮೂವರೂ ರಕ್ತ ಕೊಟ್ಟರು. ಅಮ್ಮನಿಗೆ, ಅಣ್ಣನಿಗೆ ಇಲ್ಲ. ತಂಗಿಗೆ ಇತ್ತು. ಅವಳಿಗೆ ಹೊಟ್ಟೆಯ ತೊಂದರೆ ಒಂದು ದಿನವೂ ಇರಲಿಲ್ಲ! ನನ್ನ ಮೊದಲ ರಿಪೋರ್ಟನ್ನೇ ನಂಬಿಕೊಂಡು ಕೂತಿದ್ದರೆ ಅವಳು ಪರೀಕ್ಷೆಗೆ ಹೋಗುವ ಮಾತೇ ಇರಲಿಲ್ಲ.

ಹೊಟ್ಟೆ ನೋವಿದ್ದರೆ ಮಾತ್ರ ಸೀಲಿಯಾಕ್ ಅನ್ನುವ ತಿಳಿವಳಿಕೆ ಹೋಗಬೇಕು. ಎಷ್ಟು ಮಾತ್ರೆ ತಿಂದರೂ ನಿಲ್ಲದ ರಕ್ತಹೀನತೆ, ಕಾರಣ ಗೊತ್ತಾಗದ ಬಂಜೆತನ, ಮತ್ತೆ ಮತ್ತೆ ಆಗುವ ಗರ್ಭಪಾತ, ಬೆಳೆಯದ ಮಗು, ಸವೆದ ಹಲ್ಲಿನ ಹೊರಪದರ, ಮೊಣಕೈ ಮೊಣಕಾಲಿನ ಮೇಲೆ ತುರಿಸುವ ಗುಳ್ಳೆ, ಇವೆಲ್ಲದರ ಹಿಂದೆ ಅದು ಇರಬಹುದು. ಒಂದನೇ ಬಗೆಯ ಸಕ್ಕರೆ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿಯ ಏರುಪೇರಿನಿಂದ ಬಂದ ಥೈರಾಯ್ಡ್ ತೊಂದರೆ ಇರುವವರು, ಡೌನ್ ಸಿಂಡ್ರೋಮ್ ಇರುವ ಮಕ್ಕಳು ಇವರಲ್ಲೂ ಬೇರೆಯವರಿಗಿಂತ ಜಾಸ್ತಿ. ಇಂಥವರು ಡಾಕ್ಟರನ್ನು ಒಂದು ಸಲ ಕೇಳಿ ನೋಡಿ.

ಈಗಾಗಲೇ ಬಿಟ್ಟುಬಿಟ್ಟಿದ್ದೇನೆ, ಈಗ ಏನು ಮಾಡಲಿ ಅನ್ನುವವರಿಗೂ ಒಂದು ಮಾತು. ಬಿಟ್ಟು ಕೆಲವೇ ದಿನ ಆಗಿದ್ದರೆ ತಡ ಮಾಡದೆ ಹೋಗಿ, ರಕ್ತದಲ್ಲಿ ಇನ್ನೂ ಕಾಣಬಹುದು. ಬಹಳ ದಿನ ಆಗಿದ್ದರೆ ಮೊದಲು ವಂಶವಾಹಿ ಪರೀಕ್ಷೆಯ ಬಗ್ಗೆ ಕೇಳಿ. ತಾವಾಗಿಯೇ ಮತ್ತೆ ತಿನ್ನಲು ಶುರು ಮಾಡಬೇಡಿ, ಅದರಲ್ಲೂ ಬಸುರಿಯರು, ಐದು ವರ್ಷದೊಳಗಿನ ಮಕ್ಕಳು, ಮೈನೆರೆಯುವ ವಯಸ್ಸಿನವರು. ಅದು ಡಾಕ್ಟರ ಜೊತೆ ಕೂತು ತೀರ್ಮಾನಿಸಬೇಕಾದದ್ದು.

ಸಂಪಾದಕರಲ್ಲಿ ನನ್ನ ಕೋರಿಕೆ ಎರಡೇ. ಇನ್ನು ಮುಂದೆ ಗ್ಲುಟೆನ್ ಬಗ್ಗೆ ಏನೇ ಬರೆದರೂ ‘ಬಿಡುವ ಮೊದಲು ಪರೀಕ್ಷೆ’ ಅನ್ನುವ ಸಾಲನ್ನು ಹಾಕಿ. ಮೊನ್ನೆಯ ಬರಹಕ್ಕೂ ಒಂದು ತಿದ್ದುಪಡಿ ಪ್ರಕಟಿಸಿ, ಯಾಕೆಂದರೆ ಅದನ್ನು ಓದಿ ಯಾರೋ ಇವತ್ತು ಬಿಟ್ಟಿರುತ್ತಾರೆ. ಲ್ಯಾಬ್ ನಡೆಸುವವರು ಈ ಪತ್ರ ಓದಿದರೆ ಅವರಲ್ಲೂ ಕೇಳಿಕೊಳ್ಳುತ್ತೇನೆ. ಶುಗರ್ ಪರೀಕ್ಷೆಗೆ ಊಟ ಆಗಿದೆಯಾ ಅಂತ ಕೇಳುತ್ತೀರಿ. ಟಿಟಿಜಿಗೆ ರಕ್ತ ತೆಗೆಯುವಾಗಲೂ ಗೋಧಿ ತಿನ್ನುತ್ತಿದ್ದೀರಾ ಅಂತ ಕೇಳಿ, ಉತ್ತರವನ್ನು ರಿಪೋರ್ಟಿನ ಮೇಲೆ ಬರೆಯಿರಿ.

ತಂಗಿಯ ಮಗಳಿಗೆ ಈಗ ಒಂಬತ್ತು ವರ್ಷ. ತರಗತಿಯಲ್ಲಿ ಎಲ್ಲರಿಗಿಂತ ಕುಳ್ಳಿ. ಅವಳ ರಕ್ತವನ್ನೂ ಆಗಲೇ ಕೊಡಿಸಬೇಕಿತ್ತು, ಎಲ್ಲರ ಗಡಿಬಿಡಿಯಲ್ಲಿ ಉಳಿದುಹೋಯಿತು. ಅಷ್ಟರಲ್ಲಿ ತಂಗಿಯ ಅಡುಗೆಮನೆಯಿಂದ ಗೋಧಿ ಹೊರಗೆ ಹೋಗಿತ್ತು, ಯಾರೂ ಹೇಳದಿದ್ದರೂ ಮಗುವಿನ ತಟ್ಟೆಯಿಂದಲೂ ಹೋಗಿತ್ತು. ಹೊಳೆದ ಕೂಡಲೇ ಡಾಕ್ಟರನ್ನು ಕೇಳಿದೆವು, ಮತ್ತೆ ದಿನಾ ಕೊಡಿ, 6 ವಾರ ಆದ ಮೇಲೆ ಕರೆದುಕೊಂಡು ಬನ್ನಿ ಅಂದರು. ಅಮ್ಮನಿಗೆ ಇದು ಒಂದು ಚೂರೂ ಇಷ್ಟವಿಲ್ಲ. ‘ಅನುಮಾನ ಇದ್ದ ಮೇಲೆ ಆ ಕೂಸಿಗೆ ಯಾಕ್ರೇ ಅದನ್ನ ಕೊಡ್ತೀರಿ?’ ಅಂತ ದಿನಾ ಕೇಳುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಬರುವ ಸೋಮವಾರಕ್ಕೆ 6 ವಾರ ಮುಗಿಯುತ್ತದೆ, ಬೆಳಗ್ಗೆಯೇ ಕರೆದುಕೊಂಡು ಹೋಗುತ್ತೇವೆ. ಅಲ್ಲಿಯವರೆಗೆ ಅವಳು ದಿನಾ ತಿನ್ನಲಿ ಅಮ್ಮ, ಅಂತ ಹೇಳಿದ್ದೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗಳು